ಕೀಲಿಕೈ ಯಾರಲ್ಲಿರಬೇಕು?

ಬೆಳಗಾವಿಯಿಂದ ಗೋವೆಗೆ ಹೋಗುವ ಹೆದ್ದಾರಿಯಲ್ಲಿ ಖಾನಾಪುರ, ಲೋಂಡಾಗಳನ್ನು ದಾಟಿ, ಅನಮೋಡ ಘಟ್ಟವನ್ನು ಮುಟ್ಟುವ ಮುನ್ನ ರಾಮನಗರವೆಂಬ ಊರು ಸಿಗುತ್ತದೆ. ಜೋಯಿಡಾ ತಾಲ್ಲೂಕಿಗೆ ಸೇರಿದ ಈ ಊರಿನ ವಯಸ್ಸು ದೊಡ್ಡದೇನಲ್ಲ. ಕಾಳೀನದಿಗೆ ೧೦೧ ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟಿದಾಗ, ಒಂದು ಕಾಲಕ್ಕೆ ತಾಲ್ಲೂಕಿಗೇ ತನ್ನ ಹೆಸರು ಕೊಟ್ಟಿದ್ದ ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ನೀರಿನಲ್ಲಿ ಮುಳುಗಿಹೋದವು. ನೆಲೆ ಕಳೆದುಕೊಂಡ ಕುಟುಂಬಗಳು ಬಂದು ಹೊಸದಾಗಿ ಒಲೆ ಹೂಡಿದ ಊರುಗಳಲ್ಲಿ ರಾಮನಗರವೂ ಒಂದು. ಇಲ್ಲಿನ ಅನೇಕ ಮನೆಗಳಲ್ಲಿ ಒಲೆಯ ಮುಂದೆ ಕೊಂಕಣಿ ಅಥವಾ ಮರಾಠಿ, ಸರಕಾರಿ ಕಾಗದದಲ್ಲಿ ಕನ್ನಡ, ಮಗನ ಕೈಯೊಳಗಿನ ಫೋನಿನಲ್ಲಿ ಇಂಗ್ಲಿಷು. ಹೀಗೆ ಸಂಸಾರ ನಡೆಯುತ್ತದೆ.

ಇಂಥ ಊರಿನ ಮೊಬೈಲ್ ಅಂಗಡಿಯ ಮುಂದೆ ಈಗ ಕೇಳಿಬರುವ ಬೇಡಿಕೆಗಳಲ್ಲಿ ಒಂದು ಹೊಸತು. “ತಮ್ಮಾ, ಹುಡುಗನ ಫೋನಿಗೆ ಕೀಲಿ ಹಾಕೂದು ಬರತೈತೇನು? ಆ ಇನ್‌ಸ್ಟಾಗ್ರಾಮು, ರೀಲ್ಸು ಏನೂ ಬರಬಾರದು ನೋಡು.” ಅಂಗಡಿಯ ತರುಣನಿಗೆ ಅದು ಬಲ್ಲ ವಿದ್ಯೆಯೇ. ಅವನು ಫೋನನ್ನು ಕೈಗೆ ತೆಗೆದುಕೊಂಡು, “ಪಾಸ್‌ವರ್ಡ್ ಏನಿಡೋಣ?” ಎಂದು ಕೇಳಿದಾಗ, ತಂದೆ ಪಕ್ಕದಲ್ಲಿ ನಿಂತ ಮಗನ ಕಡೆಗೆ ತಿರುಗಿ, “ನೀನs ಹೇಳೋ, ಏನಿಡೂಣು?” ಎಂದನೆಂಬ ನಗೆಮಾತೂ ಉಂಟು.

ನಗೆಮಾತೆಂದು ಬಿಟ್ಟುಬಿಡುವಂತಿಲ್ಲ. ಕೀಲಿಯನ್ನು ಯಾರಿಗಾಗಿ ಹಾಕಬೇಕೋ ಅವನಿಗೇ ಅದರ ಗುಟ್ಟು ಗೊತ್ತು, ಹಾಕಬೇಕಾದವನಿಗೆ ಗೊತ್ತಿಲ್ಲ. ಹಿಂದಿನ ಯಾವ ತಲೆಮಾರಿನ ತಂದೆತಾಯಿಗಳಿಗೂ ಇಂಥ ಪೇಚು ಬಂದಿರಲಿಲ್ಲ. ಏಕೆ ಬಂದಿರಲಿಲ್ಲವೆಂಬುದನ್ನು ತಿಳಿಯಬೇಕಾದರೆ ಹಿರಿಯರು ಕಾಲಕಾಲಕ್ಕೆ ಮಕ್ಕಳ ಕಣ್ಣು ಕಿವಿಗಳಿಗೆ ಹಾಕುತ್ತ ಬಂದ ಕೀಲಿಗಳ ಚರಿತ್ರೆಯನ್ನು ಸ್ವಲ್ಪ ತಿರುವಿಹಾಕಬೇಕು.

*

ಮಗುವಿನ ಕಿವಿಗೆ ಏನು ಬೀಳಬೇಕು, ಏನು ಬೀಳಬಾರದು ಎಂಬ ಚಿಂತೆ ಬಹಳ ಹಳೆಯದು. ಗ್ರೀಸಿನ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ, ತಾಯಂದಿರೂ ದಾದಿಯರೂ ಆರಿಸಿಕೊಟ್ಟ ಕಥೆಗಳನ್ನಷ್ಟೇ ಮಕ್ಕಳಿಗೆ ಹೇಳಬೇಕೆಂದೂ, ಕಥೆ ಕಟ್ಟುವವರ ಮೇಲೆ ರಾಜ್ಯದ ಕಣ್ಣಿರಬೇಕೆಂದೂ ವಾದಿಸಿದ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಮಾತು ಅದು.

ನಮ್ಮ ನಾಡಿನಲ್ಲಿ ಈ ಚಿಂತೆ ಮನೆಮನೆಯ ಮಾತಾದದ್ದು ಅಚ್ಚಿನ ಪುಸ್ತಕ ಅಗ್ಗವಾಗಿ ಸಿಗತೊಡಗಿದ ಮೇಲೆ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುವ ರುಚಿ ಹತ್ತಿತು. ಅದರ ಬೆನ್ನಿಗೇ “ಕಾದಂಬರಿ ಓದಿ ಹುಡುಗರು ಕೆಡುತ್ತಾರೆ” ಎಂಬ ಗೊಣಗಾಟವೂ ಹತ್ತಿತು. ಹೆಣ್ಣುಮಕ್ಕಳ ವಿಷಯದಲ್ಲಂತೂ ಪುಸ್ತಕದವರೆಗೆ ಹೋಗುವ ಕಾರಣವೇ ಇರಲಿಲ್ಲ, ಅಕ್ಷರಕ್ಕೇ ಕೀಲಿ. ಬರೆಯಲು ಕಲಿತ ಹುಡುಗಿ ಯಾರಿಗೆ ಕಾಗದ ಬರೆದಾಳೋ ಎಂಬ ಭಯ! ಆ ಕಾಲದಲ್ಲೇ ನಂಜನಗೂಡಿನಲ್ಲಿ ಬಾಲವಿಧವೆಯಾದ ಮಗಳ ಮುಂದೆ ಪುಸ್ತಕವನ್ನು ತೆರೆದಿಟ್ಟ ತಂದೆಯೊಬ್ಬರಿದ್ದರು. ಆ ಮಗಳೇ ತಿರುಮಲಾಂಬ. ಮುಂದೆ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ನಡೆಸಿ, ‘ಕರ್ನಾಟಕ ನಂದಿನಿ’ ಪತ್ರಿಕೆಯ ಸಂಪಾದಕಿಯಾಗಿ, ಕನ್ನಡ ಹೆಣ್ಣುಮಕ್ಕಳಿಗೆ ಓದುವ ಬಾಗಿಲನ್ನು ಆಕೆ ತೆರೆದರು. ಕೀಲಿಯ ಚರಿತ್ರೆಯಲ್ಲಿ ಕೀಲಿ ತೆಗೆದವರ ಹೆಸರನ್ನೂ ಬರೆದಿಡಬೇಕು.

ಪುಸ್ತಕದ ನಂತರ ಸಿನಿಮಾ ಬಂದಿತು. ೧೯೧೮ರಲ್ಲಿಯೇ ಬ್ರಿಟಿಷ್ ಸರಕಾರ ಚಲನಚಿತ್ರಗಳ ಪರೀಕ್ಷೆಗೆ ಕಾಯಿದೆ ಮಾಡಿತ್ತು. ೧೯೨೭ರಲ್ಲಿ ದಿವಾನ್ ಬಹಾದೂರ್ ಟಿ. ರಂಗಾಚಾರಿಯವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ದೇಶವನ್ನೆಲ್ಲ ಸುತ್ತಿ ಸಾಕ್ಷ್ಯ ಸಂಗ್ರಹಿಸಿತು. ಚಿತ್ರಗಳು ಮಕ್ಕಳ ಮನಸ್ಸಿನ ಮೇಲೆ ಮಾಡುವ ಪರಿಣಾಮವೇನೆಂಬುದೂ ಅದು ಕೇಳಿದ ಪ್ರಶ್ನೆಗಳಲ್ಲೊಂದು. ಸ್ವಾತಂತ್ರ್ಯ ಬಂದ ಮೇಲೆ ಚಿತ್ರಗಳು ‘ಎ’ ಮತ್ತು ‘ಯು’ ಎಂದು ಇಬ್ಭಾಗವಾದವು. ೧೯೫೪ರಲ್ಲಿ ದಿಲ್ಲಿಯ ೧೩,೦೦೦ ಮಹಿಳೆಯರು ಸಹಿ ಮಾಡಿ ಪ್ರಧಾನಿ ನೆಹರೂ ಅವರಿಗೆ ಮನವಿಯೊಂದನ್ನು ಅರ್ಪಿಸಿದರು. ಸಿನಿಮಾ ತಮ್ಮ ಮಕ್ಕಳ ನೀತಿಯನ್ನು ಕೆಡಿಸುತ್ತಿದೆ, ವಯಸ್ಸಿಗೆ ಮೀರಿದ ಬುದ್ಧಿಯನ್ನು ಕಲಿಸುತ್ತಿದೆ, ಅದನ್ನು ಹತೋಟಿಗೆ ತನ್ನಿ ಎಂಬುದು ಅದರ ಸಾರ. ಆ ಮನವಿಯಲ್ಲಿ ‘ಸಿನಿಮಾ’ ಇದ್ದಲ್ಲಿ ‘ರೀಲ್ಸ್’ ಎಂದು ತಿದ್ದಿಬಿಟ್ಟರೆ ನಾಳೆಯೇ ಯಾವ ಊರಿನ ತಾಯಂದಿರಾದರೂ ಸಹಿ ಹಾಕಿಯಾರು.

ಅದೇ ದಶಕದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ೧೯೫೨ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಗೆ ಬಂದ ಬಿ. ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡುಗಳೆಂದರೆ ಅಸಮಾಧಾನ. ಜನರ ಅಭಿರುಚಿ ತಿದ್ದಬೇಕೆಂದು ಆಕಾಶವಾಣಿಯಲ್ಲಿ ಅವನ್ನು ಹಿಂಡಿ ಹಿಂಡಿ ಕಡೆಗೆ ಬಹುಮಟ್ಟಿಗೆ ಇಲ್ಲವಾಗಿಸಿದರು. ಶಾಸ್ತ್ರೀಯ ಸಂಗೀತಕ್ಕೆ ಇದರಿಂದ ದೊಡ್ಡ ಉಪಕಾರವಾಯಿತೆನ್ನುವುದೂ ನಿಜವೇ. ಆದರೆ ಕೇಳುವವರು ರೇಡಿಯೋದ ತಿರುಪನ್ನು ಸ್ವಲ್ಪ ತಿರುಗಿಸಿದರು; ಸಮುದ್ರದಾಚೆಯ ಸಿಲೋನ್ ರೇಡಿಯೋ ಸಿಕ್ಕಿತು. ಇಡೀ ದೇಶದ ಮಕ್ಕಳೂ ಮುದುಕರೂ ಬಿನಾಕಾ ಗೀತಮಾಲೆಗೆ ಕಿವಿಗೊಟ್ಟು ಕುಳಿತರು. ೧೯೫೭ರ ಅಕ್ಟೋಬರಿನಲ್ಲಿ ಸರಕಾರವೇ ‘ವಿವಿಧ ಭಾರತಿ’ಯನ್ನು ಆರಂಭಿಸಿ ಆ ಹಾಡುಗಳನ್ನು ಮರಳಿ ಮನೆಗೆ ಕರೆದುಕೊಳ್ಳಬೇಕಾಯಿತು. ಒಂದು ಬಾಗಿಲಿಗೆ ಕೀಲಿ ಹಾಕಿ ಪಕ್ಕದ ಬಾಗಿಲನ್ನು ಮರೆತರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಇನ್ನು ಚಿತ್ರಕಥೆಗಳ ಪುಸ್ತಕಗಳ ಮಾತು. ೧೯೫೪ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಕಾಮಿಕ್ ಪುಸ್ತಕಗಳು ಬಾಲಾಪರಾಧಕ್ಕೆ ದಾರಿಯೆಂದು ದೊಡ್ಡ ಗ್ರಂಥವನ್ನೇ ಬರೆದ. ಗುಲ್ಲೆದ್ದಿತು. ಮರುವರ್ಷ ಬ್ರಿಟನ್ ಕಾಯಿದೆ ಮಾಡಿತು; ೧೯೫೬ರಲ್ಲಿ ನಮ್ಮ ಸಂಸತ್ತೂ ತರುಣರಿಗೆ ಹಾನಿಕರವಾದ ಪ್ರಕಟನೆಗಳನ್ನು ತಡೆಯುವ ಕಾಯಿದೆಯನ್ನು ಮಾಡಿತು. ಅದರ ಲೆಕ್ಕದಲ್ಲಿ ‘ತರುಣ’ನೆಂದರೆ ಇಪ್ಪತ್ತು ವರ್ಷ ತುಂಬದವನು. ಇಷ್ಟಾದ ಮೇಲೆ ಹತ್ತು ವರ್ಷ ಕಳೆಯುವುದರೊಳಗೆ, ೧೯೬೫ರಲ್ಲಿ, ಬೆಂಗಳೂರಿನ ಜಿ. ಕೆ. ಅನಂತರಾಂ ಅವರ ಪ್ರಯತ್ನದಿಂದ ‘ಅಮರ ಚಿತ್ರಕಥೆ’ ಮೊದಲು ಕನ್ನಡದಲ್ಲಿಯೇ ಹೊರಬಂದಿತು. ಯಾವ ರೂಪವನ್ನು ಕಂಡು ಹಿರಿಯರು ಹೆದರಿದ್ದರೋ ಅದೇ ರೂಪದಲ್ಲಿ ಅಜ್ಜಂದಿರು ಮೊಮ್ಮಕ್ಕಳಿಗೆ ಪುರಾಣದ ಕಥೆಗಳನ್ನು ಕೊಂಡುಕೊಟ್ಟರು. ಕೀಲಿಗಿಂತ ಕಸುವುಳ್ಳ ಉಪಾಯವೊಂದುಂಟು. ಕೆಟ್ಟದ್ದರ ಪಕ್ಕದಲ್ಲಿ ಒಳ್ಳೆಯದನ್ನು ಅಷ್ಟೇ ರುಚಿಯಾಗಿ ಬಡಿಸುವುದು.

*

ಇಲ್ಲಿಯವರೆಗಿನ ಕೀಲಿಗಳನ್ನೆಲ್ಲ ಒಮ್ಮೆ ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಅವೆಲ್ಲ ಊರಿನ ಕೀಲಿಗಳು. ಸಿನಿಮಾ ಮಂದಿರದ ಬಾಗಿಲಲ್ಲಿ ಟಿಕೀಟು ಹರಿಯುವವನಿದ್ದ. ಒಳಗೆ ಪರಿಚಯದ ನಾಲ್ಕು ಮುಖಗಳಿದ್ದವು. ಮರುದಿನ ಮಾಸ್ತರರ ಕಿವಿಗೂ ಸುದ್ದಿ ಮುಟ್ಟುತ್ತಿತ್ತು. ರೇಡಿಯೋ ನಡುಮನೆಯಲ್ಲಿತ್ತು, ಕೇಳಿದರೆ ಎಲ್ಲರೂ ಕೇಳಬೇಕು. ದೂರದರ್ಶನ ಬಂದಾಗಲೂ ಈ ಸಂಪ್ರದಾಯ ಮುರಿಯಲಿಲ್ಲ. ೧೯೮೭ರ ಜನವರಿಯಲ್ಲಿ ‘ರಾಮಾಯಣ’ ಆರಂಭವಾದಾಗ ರವಿವಾರ ಬೆಳಿಗ್ಗೆ ಟಿವಿ ಇದ್ದ ಒಂದು ಮನೆಯಲ್ಲಿ ಓಣಿಯೇ ಕೂಡುತ್ತಿತ್ತು. ಮುಂದೆ ಕೇಬಲ್ ಬಂದು ಚಾನೆಲ್‌ಗಳು ನೂರಾದಾಗ, ಪರೀಕ್ಷೆಯ ತಿಂಗಳಲ್ಲಿ ಕೇಬಲಿನ ತಂತಿಯನ್ನೇ ಕಿತ್ತಿಡುವ ತಂದೆ ಹುಟ್ಟಿಕೊಂಡ. ಆ ಕೀಲಿ ಒರಟಾದರೂ ಅದರಲ್ಲಿ ಒಂದು ನ್ಯಾಯವಿತ್ತು; ಮಗನಿಗೆ ಕ್ರಿಕೆಟ್ ಇಲ್ಲವೆಂದರೆ ಅಪ್ಪನಿಗೆ ವಾರ್ತೆಯೂ ಇಲ್ಲ, ಅವ್ವನಿಗೆ ಧಾರಾವಾಹಿಯೂ ಇಲ್ಲ.

ಕೀಲಿಯನ್ನು ಯಂತ್ರದ ಹೊಟ್ಟೆಯೊಳಗೇ ಇಟ್ಟು, ಅದರ ಕೈಯನ್ನು ಒಬ್ಬೊಬ್ಬ ತಂದೆತಾಯಿಯ ಕೈಗೆ ಕೊಡುವ ಪದ್ಧತಿ ಕಾನೂನಾಗಿ ಬಂದದ್ದು ಅಮೆರಿಕದಲ್ಲಿ. ೧೯೯೬ರ ದೂರಸಂಪರ್ಕ ಕಾಯಿದೆಯ ಪ್ರಕಾರ, ೨೦೦೦ದ ಇಸವಿಯಿಂದ ಅಲ್ಲಿ ಮಾರುವ ಹದಿಮೂರು ಅಂಗುಲ ಮತ್ತು ಅದಕ್ಕಿಂತ ದೊಡ್ಡ ಟಿವಿಗಳಲ್ಲೆಲ್ಲ ‘ವಿ-ಚಿಪ್’ ಎಂಬ ಬಿಲ್ಲೆ ಇರಲೇಬೇಕಾಯಿತು. ಅಲ್ಲಿಂದ ‘ಪಾಲಕರ ನಿಯಂತ್ರಣ’ವೆಂಬ ಮಾತು ಗಣಕಯಂತ್ರಕ್ಕೂ ಅಲ್ಲಿಂದ ಮೊಬೈಲಿಗೂ ದಾಟಿತು. ೨೦೧೭ರಲ್ಲಿ ಗೂಗಲ್ ಸಂಸ್ಥೆ ‘ಫ್ಯಾಮಿಲಿ ಲಿಂಕ್’ ತಂದಿತು. ಮರುವರ್ಷ ಆ್ಯಪಲ್ ‘ಸ್ಕ್ರೀನ್ ಟೈಮ್’ ತಂದಿತು. ಮಗುವಿಗೆ ನಿಜವಾದ ಜನ್ಮದಿನಾಂಕದೊಂದಿಗೆ ಬೇರೆ ಖಾತೆ ತೆರೆದು ಅದನ್ನು ತಂದೆಯ ಅಥವಾ ತಾಯಿಯ ಖಾತೆಗೆ ಕಟ್ಟಿದರೆ, ಹೊಸ ಆ್ಯಪ್ ಬೇಕಾದಾಗ ದೊಡ್ಡವರ ಫೋನಿಗೆ ಅಪ್ಪಣೆ ಕೇಳುವ ಸಂದೇಶ ಬರುತ್ತದೆ. ಬೇಡದ ಆ್ಯಪನ್ನು ಮುಚ್ಚಬಹುದು. ರಾತ್ರಿ ಇಂತಿಷ್ಟು ಗಂಟೆಗೆ ಫೋನು ನಿದ್ದೆಹೋಗುವಂತೆ ಮಾಡಬಹುದು. ಒಳ್ಳೆಯ ಉಪಕರಣವೇ. ಆದರೆ ಆ್ಯಪ್ ಮುಚ್ಚಿ ಬ್ರೌಸರನ್ನು ಮರೆತರೆ ಅದೇ ಜಾಲತಾಣ ಬ್ರೌಸರಿನ ದಾರಿಯಿಂದ ಒಳಗೆ ಬರುತ್ತದೆ. ಕೇಸ್ಕರರ ಆಕಾಶವಾಣಿಗೆ ಸಿಲೋನ್ ಇದ್ದ ಹಾಗೆ. ಇದೂ ಆಗದಿದ್ದರೆ ಗೆಳೆಯನ ಫೋನಿದ್ದೇ ಇದೆ.

ಇನ್ನೊಂದು ತೊಡಕು ವಯಸ್ಸಿನದು. ಹೆಚ್ಚಿನ ಸಾಮಾಜಿಕ ಜಾಲತಾಣಗಳು ಹದಿಮೂರು ವರ್ಷ ತುಂಬಿದವರಿಗೆ ಮಾತ್ರ ಪ್ರವೇಶವೆನ್ನುತ್ತವೆ. ಈ ಹದಿಮೂರು ಎಲ್ಲಿಂದ ಬಂದಿತು? ಮಗುವಿನ ಮನಸ್ಸು ಅಷ್ಟು ವರ್ಷಕ್ಕೆ ಪಕ್ವವಾಗುವುದೆಂದು ಯಾರೋ ಪಂಡಿತರು ಅಳೆದು ಹೇಳಿದ್ದೆಂದು ನಾವು ತಿಳಿದಿದ್ದರೆ ಅದು ತಪ್ಪು. ೧೯೯೮ರಲ್ಲಿ ಅಮೆರಿಕವು ಹದಿಮೂರಕ್ಕಿಂತ ಚಿಕ್ಕ ಮಕ್ಕಳ ವಿವರಗಳನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಜಾಲತಾಣಗಳು ಸಂಗ್ರಹಿಸಬಾರದೆಂದು ಕಾಯಿದೆ ಮಾಡಿತು. ಒಪ್ಪಿಗೆ ಕೇಳುವ ಗೋಜೇ ಬೇಡವೆಂದು ಕಂಪನಿಗಳು ಬಾಗಿಲ ಮೇಲೆ ‘ಹದಿಮೂರು’ ಎಂದು ಬರೆದು ಹಾಕಿದವು. ಅದು ವ್ಯಾಪಾರದ ಕಾನೂನಿನ ಅಂಕೆ. ಜನ್ಮವರ್ಷದ ಮನೆಯಲ್ಲಿ ಮೂರು ವರ್ಷ ಹಿಂದಕ್ಕೆ ಒತ್ತಿದರೆ ಹತ್ತು ವರ್ಷದ ಹುಡುಗನೂ ಒಳಗೆ ಹೋಗುತ್ತಿದ್ದ. ತಡೆಯಲು ಟಿಕೀಟು ಹರಿಯುವವನು ಅಲ್ಲಿರಲಿಲ್ಲ.

*

ಹೀಗಿದ್ದರೂ ನಮ್ಮ ಮಕ್ಕಳ ಕೈಗೆ ಫೋನನ್ನು ಕೊಟ್ಟವರು ಯಾರು? ಅವರಾಗಿ ಕಸಿದುಕೊಂಡರೆಂದರೆ ಚರಿತ್ರೆಗೆ ಅಪಚಾರವಾದೀತು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಇಂಟರ್‌ನೆಟ್ ಅಗ್ಗವಾಯಿತೆಂಬುದು ನಿಜ. ಆದರೂ ಆಗ ಫೋನು ಅಪ್ಪನದಾಗಿತ್ತು, ಮಗು ಬೇಡಿ ಪಡೆಯುತ್ತಿತ್ತು. ೨೦೨೦ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದವು. ಜೂನ್ ತಿಂಗಳಲ್ಲಿ ಕರ್ನಾಟಕ ಸರಕಾರ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಆಜ್ಞೆ ಮಾಡಿತು. ಚಿಕ್ಕ ಮಕ್ಕಳನ್ನು ಪರದೆಯಿಂದ ದೂರವಿಡುವ ಸರಕಾರೀ ಕೀಲಿ ಅದು. ಪಾಲಕರು ನ್ಯಾಯಾಲಯಕ್ಕೆ ಹೋದರು. ಜುಲೈ ೮ರಂದು ಹೈಕೋರ್ಟು ಆ ಆಜ್ಞೆಗೆ ತಡೆಕೊಟ್ಟಿತು. ಶಿಕ್ಷಣ ನಿಲ್ಲಬಾರದೆಂಬ ಅವರ ವಾದದಲ್ಲಿ ತಪ್ಪೇನಿತ್ತು? ಹಾಗೆ ಫೋನು ಪಾಟಿಯ ಸ್ಥಾನಕ್ಕೆ ಬಂದಿತು. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕುಳಿತು ಪಾಠ ಕೇಳಿದರು. ಸಾಲ ಮಾಡಿ ಫೋನು ಕೊಂಡುಕೊಟ್ಟ ಕೂಲಿಕಾರ ತಂದೆಗೆ, ಪಾಠ ಮುಗಿದ ಮೇಲೆ ಅದನ್ನು ಮರಳಿ ಕೇಳಿ ಪಡೆಯುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೂ ಮೊದಲೇ, ೨೦೧೪ರಲ್ಲಿ, ತಂತ್ರಜ್ಞಾನದ ಗೀಳು ಹತ್ತಿದವರಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆದಿತ್ತು. ರೋಗವೆಂದು ಕರೆಯುವ ಮಟ್ಟಕ್ಕೆ ಬಂದವರ ಮಾತು ಅದು. ಬಹುಪಾಲು ಮನೆಗಳಲ್ಲಿ ಇರುವುದು ರೋಗವಲ್ಲ, ನಿತ್ಯದ ಜಗಳ. ಊಟದ ತಟ್ಟೆಯ ಮುಂದಿನ ಜಗಳ. ರಾತ್ರಿ ಹನ್ನೊಂದರ ಜಗಳ.

ಸರಕಾರ, ನ್ಯಾಯಾಲಯಗಳು ಸುಮ್ಮನೆ ಕುಳಿತಿಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವು, ಎಕ್ಸ್ ಸಂಸ್ಥೆಯ ಮೇಲ್ಮನವಿಯ ವಿಚಾರಣೆ ನಡೆಸುತ್ತಿದ್ದಾಗ, ಮದ್ಯಕ್ಕೆ ವಯಸ್ಸಿನ ಮಿತಿ ಇರುವಂತೆ ಸಾಮಾಜಿಕ ಜಾಲತಾಣಕ್ಕೂ ಏಕಿರಬಾರದೆಂದು ಬಾಯಿಮಾತಿನಲ್ಲಿ ಕೇಳಿತು. ಅದೇ ವರ್ಷದ ಕೇಂದ್ರದ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದು ಎಣಿಸಿ, ಅವರ ವಿವರ ಬಳಸಲು ಪಾಲಕರ ಒಪ್ಪಿಗೆ ಬೇಕೆಂದಿತು. ಆಸ್ಟ್ರೇಲಿಯಾವಂತೂ ೨೦೨೫ರ ಡಿಸೆಂಬರ್ ೧೦ರಿಂದ, ಹದಿನಾರು ತುಂಬದವರು ದೊಡ್ಡ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳದಂತೆ ತಡೆಯುವ ಹೊಣೆಯನ್ನು ಕಂಪನಿಗಳ ಮೇಲೆಯೇ ಹೇರಿತು. ಟಿಕೀಟು ಹರಿಯುವವನನ್ನು ಬಾಗಿಲಿಗೆ ಮರಳಿ ತರುವ ಪ್ರಯತ್ನವಿದು. ಅದು ಬೇಕು. ಆದರೆ ದಕ್ಷಿಣ ಕೊರಿಯಾದ ಅನುಭವವನ್ನೂ ನೆನೆಯಬೇಕು. ಅಲ್ಲಿ ೨೦೧೧ರಲ್ಲಿ ಹದಿನಾರರೊಳಗಿನ ಮಕ್ಕಳಿಗೆ ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ನಿಷೇಧಿಸಿದರು. ಮಕ್ಕಳು ಹಿರಿಯರ ಹೆಸರಿನಲ್ಲಿ ಒಳಹೊಕ್ಕರು; ಆಟಗಳು ಆ ಕಾಯಿದೆ ಮುಟ್ಟದ ಮೊಬೈಲಿಗೆ ಜಾರಿದವು. ಹತ್ತು ವರ್ಷದ ಮೇಲೆ ಕಾಯಿದೆಯನ್ನೇ ತೆಗೆದುಹಾಕಲು ನಿರ್ಧರಿಸಬೇಕಾಯಿತು.

ಕೀಲಿಯ ಹೆಸರಿನಲ್ಲಿ ಹಳೆಯ ಅನ್ಯಾಯವೂ ತಲೆಯೆತ್ತೀತು. ೨೦೧೬ರಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಸೂರಜ್ ಎಂಬ ಹಳ್ಳಿಯವರು ಮೊಬೈಲ್ ನಿಷೇಧಿಸಿದರು. ಎಲ್ಲರಿಗೂ ಅಲ್ಲ, ಮದುವೆಯಾಗದ ಹುಡುಗಿಯರಿಗೆ ಮಾತ್ರ. ಮೀರಿದವರಿಗೆ ೨,೧೦೦ ರೂಪಾಯಿ ದಂಡ. ನೂರು ವರ್ಷದ ಹಿಂದೆ ಅಕ್ಷರಕ್ಕೆ ಹಾಕಿದ ಕೀಲಿಯೇ ಫೋನಿನ ರೂಪದಲ್ಲಿ ಮರಳಿ ಬಂದಿತು. ನಮ್ಮ ಮನೆಗಳಲ್ಲಿಯೂ ಅಣ್ಣನ ಫೋನಿಗೆ ಇಲ್ಲದ ಕೀಲಿ ತಂಗಿಯ ಫೋನಿಗೆ ಇದ್ದರೆ, ಅದು ಕಾಪಾಡುವ ಕೀಲಿಯೋ ಕಟ್ಟಿಹಾಕುವ ಕೀಲಿಯೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

*

ಇಷ್ಟು ಕೀಲಿಗಳ ನಡುವೆ ಮನಸ್ಸಿಗೆ ಹಿಡಿಸುವ ಒಂದು ಕೀಲಿ ನಮ್ಮ ನೆರೆಯಲ್ಲಿಯೇ ಇದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಲ್ಲಿ ೨೦೨೨ರ ಆಗಸ್ಟಿನಿಂದ ಸಂಜೆ ಏಳು ಗಂಟೆಗೆ ದೇವಸ್ಥಾನದಿಂದ ಸೈರನ್ ಮೊಳಗತೊಡಗಿತು. ಮೊಳಗಿದೊಡನೆ ಟಿವಿ, ಮೊಬೈಲುಗಳು ಬಂದ್. ಎಂಟೂವರೆಗೆ ಮತ್ತೆ ಸೈರನ್. ಆ ಒಂದೂವರೆ ಗಂಟೆ ಮಕ್ಕಳಿಗೆ ಓದು, ದೊಡ್ಡವರಿಗೆ ಮಾತುಕತೆ. ಆಶಾ ಕಾರ್ಯಕರ್ತೆಯರು, ಶಿಕ್ಷಕರು ಮನೆಮನೆಗೆ ಹೋಗಿ ತಿಳಿಹೇಳಿದರು. ೨೦೨೫ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಹತ್ತಿರದ ಹಲಗಾ ಗ್ರಾಮದಲ್ಲಿಯೂ ಇಂಥದೇ ಸೈರನ್ ಕೇಳಿಸಿತು. ಅಲ್ಲಿ ಏಳರಿಂದ ಒಂಬತ್ತರವರೆಗೆ.

ಯಂತ್ರದ ದೃಷ್ಟಿಯಿಂದ ನೋಡಿದರೆ ಸೈರನ್ ಬಹಳ ದುರ್ಬಲವಾದ ಕೀಲಿ. ಅದು ಯಾರ ಫೋನನ್ನೂ ಮುಚ್ಚಲಾರದು. ಆದರೂ ಅದರಲ್ಲಿ ಫ್ಯಾಮಿಲಿ ಲಿಂಕಿನಲ್ಲಿ ಇಲ್ಲದ ಎರಡು ಗುಣಗಳಿವೆ. ಒಂದು, ಅದು ಅಪ್ಪನ ಫೋನಿಗೂ ಅನ್ವಯಿಸುತ್ತದೆ. ಕೇಬಲ್ ಕಿತ್ತಿಟ್ಟ ಮನೆಯ ಹಳೆಯ ನ್ಯಾಯ ಇಲ್ಲಿ ಮರಳಿ ಬಂದಿದೆ. ಇನ್ನೊಂದು, ಅದು ಓಣಿಗೆಲ್ಲ ಒಂದೇ, “ಅವನಿಗುಂಟು, ನನಗೇಕಿಲ್ಲ?” ಎಂಬ ಮಗುವಿನ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಜಾಲತಾಣದಲ್ಲಿ ಗೆಳೆಯರೆಲ್ಲ ಇರುವಾಗ ತಾನೊಬ್ಬನೇ ಹೊರಗುಳಿದೆನೆಂಬುದೇ ಮಗುವಿನ ನಿಜವಾದ ದುಃಖ. ಆ ದುಃಖಕ್ಕೆ ಒಂಟಿ ಮನೆಯ ಕೀಲಿ ಉತ್ತರ ಕೊಡಲಾರದು. ಹತ್ತು ಮನೆಗಳು ಕೂಡಿ ಹಾಕಿದ ಕೀಲಿ ಕೊಟ್ಟೀತು.

ಹಾಗೆಂದು ಫೋನಿನೊಳಗಿನ ಕೀಲಿ ಬೇಡವೆಂದಲ್ಲ. ಚಿಕ್ಕ ಮಗುವಿಗೆ ಅದು ಇರಲೇಬೇಕು. ಆದರೆ ಅದನ್ನು ಹಾಕುವುದನ್ನೂ ತೆಗೆಯುವುದನ್ನೂ ತಾಯಿತಂದೆಯರು ತಾವೇ ಕಲಿಯಬೇಕು. ಅಂಗಡಿಯವನ ಕೈಯಲ್ಲಿ ಅದನ್ನು ಬಿಡಬಾರದು. ಮಗುವಿಗೆ ತಿಳಿಸಿಯೇ ಹಾಕಬೇಕು. ಕದ್ದು ಹಾಕಿದ ಕೀಲಿ ಕದಿಯುವುದನ್ನೇ ಕಲಿಸುತ್ತದೆ. ಯಾವ ವಯಸ್ಸಿಗೆ ಎಷ್ಟು ಸಡಿಲಿಸುವೆವೆಂದೂ ಮೊದಲೇ ಹೇಳಿರಬೇಕು. ಮುಚ್ಚಿದ ಹೊತ್ತಿಗೆ ಬೇರೇನಾದರೂ ತೆರೆದಿರಬೇಕು. ೨೦೨೦ರಲ್ಲಿ ‘ಓದುವ ಬೆಳಕು’ ಎಂಬ ಯೋಜನೆಯಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳ ಸದಸ್ಯತ್ವವನ್ನು ಮಕ್ಕಳಿಗೆ ಪುಕ್ಕಟೆಯಾಗಿ ಕೊಟ್ಟರು. ಸಂಜೆ ಅಲ್ಲಿ ದೀಪ ಉರಿಯುತ್ತಿರುವಂತೆ ನೋಡಿಕೊಳ್ಳುವುದೂ ಪಾಲಕರ ನಿಯಂತ್ರಣದ ಒಂದು ಭಾಗವೇ.

ರಾಮನಗರದ ಹಿರಿಯರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು ಹಾಕಿದಾಗ ಹಿಂದೆ ನೀರು ಎಷ್ಟು ಏರುತ್ತದೆಂಬುದನ್ನು ಅವರ ಕುಟುಂಬಗಳು ಕಣ್ಣಾರೆ ಕಂಡಿವೆ. ಅಣೆಕಟ್ಟು ನಿಂತಿರುವುದು ಗೋಡೆಯ ಬಲದಿಂದಷ್ಟೇ ಅಲ್ಲ. ಹೊತ್ತರಿತು ಬಾಗಿಲೆತ್ತುವವನೊಬ್ಬ ಅಲ್ಲಿ ಎಚ್ಚರವಾಗಿರುವುದರಿಂದ. ಅಂಗಡಿಯ ಮುಂದೆ ನಿಂತ ಆ ತಂದೆ ಅಂಥವನಾಗಲಿ. ಪಾಸ್‌ವರ್ಡ್ ಏನಿಡಬೇಕೆಂದು ಮಗನನ್ನು ಕೇಳಿದ್ದರಲ್ಲಿ ನಗುವಂಥದೇನೂ ಇಲ್ಲವೆಂದು ಒಮ್ಮೊಮ್ಮೆ ತೋರುತ್ತದೆ. ಎಂದಾದರೊಂದು ದಿನ ಆ ಕೀಲಿಕೈಯನ್ನು ಅವನ ಕೈಗೇ ಕೊಡಬೇಕಲ್ಲವೆ?